450-6 ಅಂದರೆ ಎಷ್ಟು? ಧಾನ್ಯಪೇಟೆಯ ಸುದ್ದಿ ಬರೆಯಲು ಕಲಿತ ಬಗೆ

ಕೃಷಿ ಮಾರುಕಟ್ಟೆಯ ದಿನದ ಸುದ್ದಿ ಬರೆಯಲು ಕೂತ ಮೊದಲ ವಾರವೇ ಮೆಕ್ಕೆಜೋಳದ ದರ ತಪ್ಪಿಸಿದೆ. ಮುಂದೆ ಕೊಡುವ ಸರಕಿಗೆ ಇಂದೇ ದರ ಕುದುರಿಸುವ ಶಿಕಾಗೊ ವಾಯಿದಾ ಪೇಟೆಯ ದರ ಪರದೆಯ ಮೇಲೆ 450-6 ಎಂದಿತ್ತು. ನಾನು 450.6 ಸೆಂಟ್ ಎಂದು ಬರೆದು ಕಳಿಸಿದೆ. ಆ ಕೊನೆಯ ಅಂಕಿ ದಶಮಾಂಶವಲ್ಲ, ಎಂಟನೇ ಭಾಗಗಳ ಲೆಕ್ಕ. 6 ಅಂದರೆ ಎಂಟರಲ್ಲಿ ಆರು, ಮುಕ್ಕಾಲು ಸೆಂಟ್. ದರ ಕಾಲು ಕಾಲು ಸೆಂಟ್‌ನಂತೆ ಏರಿಳಿಯುವುದರಿಂದ ಅಲ್ಲಿ 0, 2, 4, 6 ಬಿಟ್ಟು ಬೇರೆ ಅಂಕಿ ಬರುವುದೇ ಇಲ್ಲ. ಎರಡು ದಿನ ಸುಮ್ಮನೆ ನೋಡುತ್ತ ಕೂತಿದ್ದರೂ ಹೊಳೆಯುತ್ತಿತ್ತು.

ಅದು ಚಿಲ್ಲರೆ ತಪ್ಪು. ಪರದೆಯ ಮೇಲಿನ ದರ ಒಂದು ಬುಷೆಲ್‌ಗೆ ಇಷ್ಟು ಸೆಂಟ್ ಎಂದು; ಅದನ್ನು ಟನ್ನಿಗೆ ಪರಿವರ್ತಿಸುವಾಗ ಮಾಡಿದ್ದು ದೊಡ್ಡದು. ಬುಷೆಲ್ ಹುಟ್ಟಿನಲ್ಲಿ ತೂಕವಲ್ಲ, ಸೇರು–ಕೊಳಗದ ಹಾಗೆ ಅಳೆದು ಸುರಿಯುವ ಪ್ರಮಾಣ. ಹಾಗಾಗಿ ಕಾಳು ಬದಲಾದರೆ ತೂಕವೂ ಬದಲು: ಗೋಧಿ, ಸೋಯಾಬೀನ್‌ಗೆ 27.2 ಕಿಲೊ, ಮೆಕ್ಕೆಜೋಳಕ್ಕೆ 25.4. ಒಂದು ಟನ್ ಗೋಧಿಗೆ 36.74 ಬುಷೆಲ್, ಮೆಕ್ಕೆಜೋಳಕ್ಕೆ 39.37. ನಾನು ಎಲ್ಲಕ್ಕೂ ಗೋಧಿಯ ಅಂಕಿಯಿಂದಲೇ ಗುಣಿಸುತ್ತಿದ್ದೆ. ಮೆಕ್ಕೆಜೋಳ 450 ಸೆಂಟ್ ಇದ್ದ ದಿನ ಟನ್ನಿಗೆ 177 ಡಾಲರ್ ಆಗಬೇಕು, ನನ್ನ ಲೆಕ್ಕದಲ್ಲಿ 165. ಓದುಗರೊಬ್ಬರು ಎರಡೇ ಸಾಲಿನಲ್ಲಿ ತಿದ್ದಿ ಬರೆದರು. ಬೈದಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅಮೆರಿಕದ ಕೃಷಿ ಇಲಾಖೆ ತಿಂಗಳಿಗೊಮ್ಮೆ, ವಾಷಿಂಗ್ಟನ್‌ನ ಮಧ್ಯಾಹ್ನ 12ಕ್ಕೆ, ಜಗತ್ತಿನ ಬೆಳೆ ಅಂದಾಜು ಹೊರಡಿಸುತ್ತದೆ. ಮೊದಮೊದಲು ಉತ್ಪಾದನೆಯ ಸಾಲು ನೋಡಿ ‘ಬೆಳೆ ಹೆಚ್ಚಳ’ ಎಂದು ತಲೆಬರಹ ಕೊಡುತ್ತಿದ್ದೆ. ಅಷ್ಟರಲ್ಲಿ ದರ ಏರುತ್ತಿರುತ್ತಿತ್ತು! ವರ್ತಕರು ಇನ್ನೂ ಹೆಚ್ಚು ನಿರೀಕ್ಷಿಸಿದ್ದರು, ಅಷ್ಟೆ. ಈಗ ಹಿಂದಿನ ದಿನವೇ ವರ್ತಕರ ಅಂದಾಜಿನ ಸರಾಸರಿ ಬರೆದಿಟ್ಟುಕೊಂಡು, ವರದಿ ಬಂದ ಕೂಡಲೇ ವರ್ಷಾಂತ್ಯದ ದಾಸ್ತಾನಿನ ಸಾಲಿಗೆ ಹೋಗುತ್ತೇನೆ. ಅದರಲ್ಲಿ ಚೀನಾದ ಪಾಲನ್ನು ಕಳೆದು ಇನ್ನೊಮ್ಮೆ ನೋಡುತ್ತೇನೆ. ಜಗತ್ತಿನ ಮೆಕ್ಕೆಜೋಳ ದಾಸ್ತಾನಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇದೆ ಎನ್ನುತ್ತದೆ ಇದೇ ವರದಿ, ಆದರೆ ಆ ಕಾಳು ಹೊರಗಿನ ಪೇಟೆಗೆ ಬರುವುದು ಕಡಿಮೆ. ಇದು ತಪ್ಪು ಕ್ರಮ ಎನ್ನುವವರೂ ಇದ್ದಾರೆ. ನಾನು ಬಿಟ್ಟಿಲ್ಲ.

ನೀತಿಯ ಸುದ್ದಿಯಲ್ಲಿ ಎಡವಿದ್ದು 2022ರ ಮೇ 13ರಂದು. ಉಕ್ರೇನ್ ಯುದ್ಧದಿಂದ ಕಪ್ಪುಸಮುದ್ರದ ಗೋಧಿ ನಿಂತಿದ್ದ ಹೊತ್ತಿನಲ್ಲಿ ಭಾರತ ಗೋಧಿ ರಫ್ತು ತಡೆಯಿತು. ಅವಸರದಲ್ಲಿ ‘ಸಂಪೂರ್ಣ ನಿಷೇಧ’ ಎಂದು ಬರೆದೆ. ಅಧಿಸೂಚನೆಯನ್ನು ಕೊನೆಯವರೆಗೆ ಓದಿದ್ದರೆ ಗೊತ್ತಾಗುತ್ತಿತ್ತು: ಅಷ್ಟರೊಳಗೆ ರದ್ದು ಮಾಡಲಾಗದ ಎಲ್‌ಸಿ, ಅಂದರೆ ಕೊಳ್ಳುವವನ ಪರವಾಗಿ ಹಣ ಕೊಡುತ್ತೇನೆಂಬ ಬ್ಯಾಂಕಿನ ಭರವಸೆಪತ್ರ, ತೆರೆದಾಗಿದ್ದ ಸರಕಿಗೆ ದಾರಿಯಿತ್ತು. ಆಹಾರದ ಕೊರತೆಯಿರುವ ದೇಶದ ಸರ್ಕಾರ ಕೇಳಿಕೊಂಡರೆ ಅನುಮತಿ ಕೊಡಲೂ ಅವಕಾಶವಿತ್ತು. ಸೋಮವಾರ ಶಿಕಾಗೊ ಗೋಧಿ ದಿನದ ಮಿತಿಯಾದ 70 ಸೆಂಟ್ ಪೂರ್ತಿ ಜಿಗಿಯಿತು. ಪೇಟೆಗೂ ವಿನಾಯಿತಿಯ ಸಾಲುಗಳು ಬೇಕಿರಲಿಲ್ಲವೇನೊ, ಆದರೆ ಹಡಗು ಕಾಯುತ್ತಿದ್ದ ವರ್ತಕನಿಗೆ ಬೇಕಿದ್ದದ್ದು ಅವೇ. ಅಲ್ಲಿಂದ ಮುಂದೆ ಅಧಿಸೂಚನೆಯ ಮೂಲಪ್ರತಿ ಕೈಗೆ ಬರುವವರೆಗೆ ‘ನಿಷೇಧ’ ಎಂದು ಬರೆಯುವುದಿಲ್ಲ, ‘ತಡೆ’ ಎನ್ನುತ್ತೇನೆ. ಅದಕ್ಕೇ ಸುದ್ದಿ ಅರ್ಧ ಗಂಟೆ ತಡವಾದದ್ದೂ ಉಂಟು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಹೊರಡಿಸುವ ಆಹಾರ ಬೆಲೆ ಸೂಚ್ಯಂಕದ ಬಗ್ಗೆ ಒಂದೇ ಮಾತು: 2014–16ರ ಸರಾಸರಿಯನ್ನು 100 ಎಂದಿಟ್ಟ ಅಂಕಿ ಅದು, 2022ರ ಮಾರ್ಚ್‌ನಲ್ಲಿ 160ರ ಹತ್ತಿರ ಹೋಗಿತ್ತು. ಅಳೆಯುವುದು ಕಚ್ಚಾ ಸರಕಿನ ಅಂತರರಾಷ್ಟ್ರೀಯ ಬೆಲೆ, ಅಂಗಡಿಯ ಬೆಲೆಯಲ್ಲ. ಈ ಸಾಲನ್ನು ಪ್ರತಿ ತಿಂಗಳೂ ಸೇರಿಸುತ್ತೇನೆ, ಪ್ರತಿ ತಿಂಗಳೂ ಯಾರಾದರೂ ಅದನ್ನೇ ಕೇಳುತ್ತಾರೆ.

ಈ ವರ್ಷ ತಿದ್ದುಪಡಿ ಹಾಕಿದ್ದು ಎರಡೇ ಸಲ. ಎರಡೂ ಸಲ ವಾಯಿದೆಯ ತಿಂಗಳು, ಅಂದರೆ ಸರಕು ಕೊಡಬೇಕಾದ ತಿಂಗಳು, ಬದಲಾದ ದಿನವೇ: ನಿನ್ನೆಯ ಜುಲೈ ದರಕ್ಕೆ ಇಂದಿನ ಸೆಪ್ಟೆಂಬರ್ ದರ ಹೋಲಿಸಿ ‘ಕುಸಿತ’ ಎಂದಿದ್ದೆ.