ಚಿಲಕದ ಪಾರ್ಟಿ ಗೆದ್ದಿದ್ದು: ಗೋವಾದ ಕಾಲೇಜು ಚುನಾವಣೆಯಲ್ಲಿ ನನ್ನ ಅನುಭವ

ನಮ್ಮ ಅಭ್ಯರ್ಥಿ ಕಾಲೇಜಿನ ಜಿಎಸ್ (ವಿದ್ಯಾರ್ಥಿ ಸಂಘದ ಜನರಲ್ ಸೆಕ್ರೆಟರಿ) ಆಗಿ ಗೆದ್ದ ದಿನ ಸಂಜೆ ವಾಸ್ಕೋ ಹತ್ತಿರದ ಜುವಾರಿನಗರದ ನಮ್ಮ ಓಣಿಯ ಇಬ್ಬರು ಹುಡುಗರು ಮನೆಗೆ ಬಂದರು. "ಅಣ್ಣಾ, ಹೆಂಗ್ ಮಾಡಿದ್ರಿ, ಬರದು ಕೊಡ್ರಿ" ಅಂದರು. ಎರಡು ತಿಂಗಳ ಹಿಂದೆ ಇದೇ ಹುಡುಗರು "ಊಟ ಹಾಕಲಾರದ ಯಾರ್ ಓಟ್ ಹಾಕ್ತಾರ" ಅಂದಿದ್ದರು. ಅವರಷ್ಟೇ ಅಲ್ಲ, ನನ್ನ ಜೊತೆ ಎರಡು ಚುನಾವಣೆ ಓಡಾಡಿದ ಗೆಳೆಯರೂ ಊಟ ಹಾಕದೆ ಗೆಲ್ಲುವ ಈ ದಾರಿ ನಂಬಿರಲಿಲ್ಲ. ಈಗ ಕೆಲಸ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾಮಪತ್ರ, ಹಾಜರಿ, ವಿದ್ಯಾರ್ಥಿ ಚುನಾವಣೆಗೆ ಲಿಂಗ್ಡೋ ಸಮಿತಿ ಮಾಡಿದ ನಿಯಮ, ಇದೆಲ್ಲ ನಿಮಗೆ ಗೊತ್ತಿರುವುದೇ. ಸೀದಾ ಸೋಲಿನಿಂದ ಶುರು ಮಾಡುತ್ತೇನೆ.

ಮೊದಲ ವರ್ಷ ನಾನೇ ಸಿಆರ್‌ಗೆ, ಅಂದರೆ ಕ್ಲಾಸಿನ ಪ್ರತಿನಿಧಿ ಸ್ಥಾನಕ್ಕೆ ನಿಂತಿದ್ದೆ. ಕ್ಲಾಸಿನಲ್ಲಿ 70 ಜನ. ಅದರಲ್ಲಿ ವಾಸ್ಕೋ, ಬಿರ್ಲಾ (ನಮ್ಮ ಜುವಾರಿನಗರ) ಕಡೆಯ ಕನ್ನಡದವರು 12 ಜನ ಇದ್ದರು ಅಂತ ನೆನಪು. ಆ 12 ಓಟು ಜೇಬಿನಲ್ಲೇ ಇದೆ, ಉಳಿದವರಿಗೆ ತಿನ್ನಿಸಿದರೆ ಸಾಕು ಅಂದುಕೊಂಡೆ. ಭಾಜಿ-ಪಾವ್, ಸಮೋಸಾ, ಚಹಾ ಅಂತ ಸುಮಾರು 2,700 ರೂಪಾಯಿ ಹೋಯಿತು. ಅಪ್ಪ ಗೌಂಡಿ ಕೆಲಸ ಮಾಡುವವರು. ಅವರ ಮೂರ್ನಾಲ್ಕು ದಿನದ ಪಗಾರ ಅದು. ಕನ್ನಡದಲ್ಲೂ ಒಂದು ಪೋಸ್ಟರ್ ಬರೆದು ಅಂಟಿಸಿದೆ. ಹನ್ನೊಂದು ಓಟಿನಿಂದ ಸೋತೆ.

ಆಮೇಲೆ ಗೊತ್ತಾಯಿತು, ನಮ್ಮವರೇ ನಾಲ್ಕೈದು ಜನ ನನಗೆ ಹಾಕಿರಲಿಲ್ಲ. ಒಬ್ಬ ಹುಡುಗ ಬಸ್ಸಿನಲ್ಲಿ ಮೆಲ್ಲಗೆ ಹೇಳಿದ: "ಆ ಪೋಸ್ಟರ್ ನೋಡಿ ಎಲ್ಲಾರೂ ನಮ್ಮನ್ನೂ ಘಾಂಟಿ ಅನ್ನಾಕ್ ಶುರು ಮಾಡಿದ್ರೋ." ಘಟ್ಟದ ಆಚೆಯಿಂದ ಬಂದವರನ್ನು ಹೀಯಾಳಿಸುವ ಪದ ಅದು. ಗೋವಾದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ನಾನು ಹೇಳಬೇಕಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಭಾಷೆ ಮಾತಾಡುತ್ತಾನೆ ಅಂದ ಮಾತ್ರಕ್ಕೆ ಅವನ ಓಟು ನನ್ನದು ಅಂದುಕೊಂಡಿದ್ದು ನನ್ನ ತಪ್ಪು. ಊಟದ ವಿಷಯಕ್ಕೆ ಅವ್ವ ಒಂದೇ ಮಾತು ಹೇಳಿದಳು: "ಉಣ್ಣಾಕ್ ಹಾಕಿದ್ರ ಉಂಡು ಹೋಗ್ತಾರ ತಮ್ಮಾ, ನೆನಪಿಟ್ಕೋತಾರೇನು?"

ಎರಡನೇ ವರ್ಷ ನಾನು ನಿಲ್ಲಲಿಲ್ಲ. ವಾಸ್ಕೋದ ಗೆಳೆಯನನ್ನು ಜಿಎಸ್‌ಗೆ ನಿಲ್ಲಿಸಿ, ಪ್ರಚಾರದ ಕೆಲಸ ನಾನು ವಹಿಸಿಕೊಂಡೆ. ಈ ಸಲ ಒಂದು ದೊಡ್ಡ ವಿಷಯ ಬೇಕು ಅಂತ ಬಸ್ಸು ಹಿಡಿದೆವು. ಗೋವಾದ ವಿದ್ಯಾರ್ಥಿಗಳು ಬಲ ತೋರಿಸಿದ್ದೇ ಬಸ್ಸಿನ ವಿಷಯಕ್ಕೆ ಅಲ್ವಾ? 1978-79ರಲ್ಲಿ ಅರ್ಧ ಟಿಕೆಟ್ಟಿಗಾಗಿ ಇಡೀ ಗೋವಾದ ಹುಡುಗರು ಬೀದಿಗೆ ಇಳಿದಿದ್ದರು. ಕದಂಬ ಸಾರಿಗೆ ನಿಗಮ ಹುಟ್ಟಿದ್ದೇ ಅದಾದ ಮೇಲೆ, 1980ರಲ್ಲಿ. ಆ ಕಥೆ ನನಗೆ ಬಹಳ ಇಷ್ಟ. ಅದೇ ಹುರುಪಿನಲ್ಲಿ "ಬೆಳಗ್ಗೆ ಇನ್ನೂ ನಾಲ್ಕು ಬಸ್ಸು" ಅಂತ ಘೋಷಣೆ ಮಾಡಿದೆವು.

ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ 130 ಓಟಿನಿಂದ ಸೋಲಿಸಿದರು. ಮೂರನೇ ವರ್ಷದ ಒಬ್ಬ ಹುಡುಗಿ ಮುಖಕ್ಕೇ ಕೇಳಿದಳು, "ಬಸ್ಸು ಬಿಡುವುದು ಸರಕಾರ. ಜಿಎಸ್ ಎಲ್ಲಿಂದ ತರುತ್ತಾನೆ?" ಉತ್ತರ ನಮ್ಮ ಹತ್ತಿರ ಇರಲಿಲ್ಲ. ಖರ್ಚು ಮಾತ್ರ 4,900 ಚಿಲ್ಲರೆ. ಲಿಂಗ್ಡೋ ನಿಯಮದ ಖರ್ಚಿನ ಮಿತಿ 5,000, ಅದಕ್ಕೆ ಉಗುರಷ್ಟು ಕಡಿಮೆ. ಆ ಸಾಲ ತೀರಿಸಲು ಗೆಳೆಯ ದೀಪಾವಳಿ ರಜೆಯಲ್ಲಿ ಬಟ್ಟೆ ಅಂಗಡಿಯಲ್ಲಿ ನಿಂತ.

ಆ ದುಡ್ಡಿನಲ್ಲಿ ಬಹುಪಾಲು ಪೋಸ್ಟರ್‌ಗೆ ಹೋಗಿದ್ದರಿಂದ ಅದರ ಬಗ್ಗೆ ಸ್ವಲ್ಪ ಹೇಳಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲಿಂಗ್ಡೋ ನಿಯಮದ ಪ್ರಕಾರ ಅಚ್ಚು ಹಾಕಿದ ಪೋಸ್ಟರ್ ನಡೆಯಲ್ಲ, ಕೈಯಲ್ಲೇ ಬರೆಯಬೇಕು. ಕಾಲೇಜು ಶುರುವಾಗಿ ಆರರಿಂದ ಎಂಟು ವಾರದೊಳಗೆ ಚುನಾವಣೆ ಆಗಬೇಕು. ಅಂದರೆ ಗೋವಾದಲ್ಲಿ ಸರಿಯಾಗಿ ಜಡಿಮಳೆಯ ನಡುವೆ. ಪೋಸ್ಟರ್ ಕಲರಿನಲ್ಲಿ ಬರೆದ 40 ಹಾಳೆ ಒಂದೇ ರಾತ್ರಿಯಲ್ಲಿ ಕರಗಿ ಗೋಡೆ ತುಂಬ ನೀಲಿ ಇಳಿಯಿತು. ಗೋಡೆ ತೊಳೆಸಿದ ದುಡ್ಡೂ ನಾವೇ ಕೊಟ್ಟೆವು. ಆಮೇಲೆ ಮನೆಯಲ್ಲಿ ಕೂತು ಪ್ರಯೋಗ ಮಾಡಿದೆ. ಬರೆದ ಮೇಲೆ ಮೇಣದಬತ್ತಿ ಉಜ್ಜಿದರೆ ಎರಡು ದಿನ ತಡೆಯುತ್ತದೆ, ಆದರೆ ಹಾಳೆ ಜಿಡ್ಡಾಗಿ ಅಂಟು ಹಿಡಿಯಲ್ಲ. ಮೇಣದ ಕ್ರೆಯಾನಿನಲ್ಲೇ ಬರೆದರೆ ಬಣ್ಣ ಇಳಿಯುವುದೇ ಇಲ್ಲ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಹುಳ ತಿನ್ನಲ್ಲ, ಬೂಸಲೂ ಬರಲ್ಲ. ಅದು ವಿಷ, ಅಡುಗೆ ಪಾತ್ರೆ ಬಳಸಬೇಡಿ. ಒಂದು ಡಬ್ಬಿ ಕ್ರೆಯಾನ್ ಆಗ 50 ರೂಪಾಯಿ ಇರಬೇಕು. ಹನ್ನೆರಡು ಪೋಸ್ಟರ್ ಆರಾಮಾಗಿ ಆಗುತ್ತವೆ. ಮೂರನೇ ವರ್ಷ ನಾವು ಅಂಟಿಸಿದ್ದು ಅಷ್ಟೇ.

ಈಗ ಮೂರನೇ ವರ್ಷಕ್ಕೆ ಬರುತ್ತೇನೆ.

ಅಭ್ಯರ್ಥಿ ಕೆಪೆ ಕಡೆಯ ಕೊಂಕಣಿ ಹುಡುಗಿ. ದಿನಾ ಕೆಪೆಯಿಂದ ಮಡಗಾಂವ್, ಅಲ್ಲಿಂದ ಶಟಲ್ ಬಸ್ಸು ಹಿಡಿದು ಪಣಜಿಯ ಕಾಲೇಜಿಗೆ. ಓದಿನಲ್ಲಿ ಚುರುಕು, ಮಾತು ಕಡಿಮೆ. ನಾಮಪತ್ರ ಹಾಕುವ ಮೊದಲು ಹಾಜರಿ ತೆಗೆಸಿದರೆ 76 ಪರ್ಸೆಂಟ್! ನಿಲ್ಲಬೇಕಾದರೆ 75 ಬೇಕು. ನನಗೆ ಎದೆ ಧಸಕ್ಕೆಂದಿತು. ಒಂದು ದಿನವೂ ತಪ್ಪಿಸದ ಹುಡುಗಿ ಅವಳು. ಕಾರಣ ಕೇಳಿದರೆ, ಮೊದಲ ಪೀರಿಯಡ್‌ಗೆ ಐದು ನಿಮಿಷ ತಡವಾದರೂ ಗೈರು ಹಾಕುತ್ತಿದ್ದರು. ಮಡಗಾಂವ್‌ನಲ್ಲಿ ಶಟಲ್ ಸಾಲು ಉದ್ದ ಇದ್ದರೆ ಮುಗಿಯಿತು, ಆ ದಿನದ್ದು ಹೋಯಿತು. ಹೊಸ ಜುವಾರಿ ಸೇತುವೆ ಬಂದ ಮೇಲೆ ದಾರಿಯಲ್ಲಿ ಜಾಮ್ ಕಡಿಮೆ ಆಗಿದೆ ನಿಜ, ಮಳೆಗಾಲದ ಸಾಲು ಕಡಿಮೆ ಆಗಿಲ್ಲ.

ಬಸ್ಸು ಸರಕಾರದ ಕೈಯಲ್ಲಿದೆ. ಹಾಜರಿ ಪುಸ್ತಕ ಪ್ರಿನ್ಸಿಪಾಲರ ಕೈಯಲ್ಲಿದೆ! ಹಿಂದಿನ ವರ್ಷ ನಾವು ಅದೇ ತೊಂದರೆಯನ್ನು ತಪ್ಪು ಬಾಗಿಲಿಗೆ ಒಯ್ದಿದ್ದೆವು.

ಅಲ್ಲಿಂದ ನೋಟ್‌ಬುಕ್ ಶುರುವಾಯಿತು. ಇನ್ನೂರು ಪುಟದ ಎರಡು ನೋಟ್‌ಬುಕ್. ಎದುರು ಸಿಕ್ಕವರಿಗೆ ಒಂದೇ ಪ್ರಶ್ನೆ: ಈ ಕಾಲೇಜಿನಲ್ಲಿ ನಿನಗೆ ದಿನಾ ತೊಂದರೆ ಕೊಡುವುದು ಏನು? ಓಟು ಕೇಳುವಂತಿಲ್ಲ, ವಾದ ಮಾಡುವಂತಿಲ್ಲ, ಅವರ ಕೈಯಲ್ಲೇ ಬರೆಸಬೇಕು. ಮೂರು ವಾರದಲ್ಲಿ ಮುನ್ನೂರರ ಹತ್ತಿರ ದೂರು ಬಂದವು. ರಾತ್ರಿ ಮನೆಯಲ್ಲಿ ಕೂತು ಮೂರು ಪಾಲು ಮಾಡುತ್ತಿದ್ದೆ. ಕಾಲೇಜು ಮಾಡಬಹುದಾದದ್ದು, ಯೂನಿವರ್ಸಿಟಿ ಮಾಡಬೇಕಾದದ್ದು, ಸರಕಾರದ್ದು. ಕೊನೆಯ ಎರಡು ಪಾಲು ಎಷ್ಟೇ ದೊಡ್ಡದಿದ್ದರೂ ಪ್ರಚಾರದಲ್ಲಿ ಬಾಯಿ ಬಿಡಬಾರದು ಅಂತ ಕಟ್ಟುನಿಟ್ಟು ಮಾಡಿದೆ. ಇದಕ್ಕೆ ನಮ್ಮೊಳಗೇ ಜಗಳ ಆಯಿತು. ಇಬ್ಬರು ಬಿಟ್ಟು ಹೋದರು.

ಮೊದಲ ವಾರ ನೋಟ್‌ಬುಕ್ ಹಿಡಿದಿದ್ದು ನಾವು ಹುಡುಗರು. ಬಂದಿದ್ದೆಲ್ಲ ಕ್ಯಾಂಟೀನ್ ರೇಟು, ವೈಫೈ, ಕ್ರಿಕೆಟ್ ಕಿಟ್ಟು. ಎರಡನೇ ವಾರ ಅಭ್ಯರ್ಥಿ ಮತ್ತು ಅವಳ ಗೆಳತಿ ಹಿಡಿದರು. ಅದೇ ಪ್ರಶ್ನೆ, ಅದೇ ಕಾರಿಡಾರ್. ಈಗ ಬಂದಿದ್ದು ಬೇರೆ. ಎರಡನೇ ಮಹಡಿಯ ಹುಡುಗಿಯರ ಶೌಚಾಲಯದ ಚಿಲಕ ಬೀಳುವುದಿಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಇದನ್ನು ಅರವತ್ತಕ್ಕೂ ಜಾಸ್ತಿ ಹುಡುಗಿಯರು ಬರೆದಿದ್ದರು. ಕೆಲವರು ದಿನವಿಡೀ ನೀರೇ ಕುಡಿಯುವುದಿಲ್ಲ ಅಂತ ಬರೆದಿದ್ದರು. ಮೂರು ವರ್ಷ ಅದೇ ಕಟ್ಟಡದಲ್ಲಿ ಓಡಾಡಿದ ನನಗೆ ಇದು ಗೊತ್ತೇ ಇರಲಿಲ್ಲ. ಆ ಪುಟ ಓದಿ ಸುಮ್ನೆ ಕೂತುಬಿಟ್ಟೆ.

ಅಪ್ಪನಿಗೆ ಹೇಳಿದೆ. ಅವರು ಎರಡೇ ಪ್ರಶ್ನೆ ಕೇಳಿದರು. ಬಾಗಿಲು ಕಟ್ಟಿಗಿದಾ? ಬ್ಯಾಸಿಗ್ಯಾಗ ಬೀಳ್ತಿತ್ತಾ? ಮರುದಿನ ಹುಡುಗಿಯರನ್ನು ಕೇಳಿ ಬಂದು ಹೌದು ಅಂದೆ. "ಹಂಗಾದ್ರ ಚಿಲಕ ಕೆಟ್ಟಿಲ್ಲ. ಮಳಿಗೆ ಕಟ್ಟಿಗಿ ಉಬ್ಬೇತಿ, ತೂತು ಕೂಡವಲ್ದು. ಹೊಸಾ ಚಿಲಕ ಕೇಳಬ್ಯಾಡ. ಅಂಚಿಗೆ ರಂದಾ ಹೊಡದು, ಚೌಕಟ್ಟಿನ ತೂತು ಕೆಳಗ ತಗೀರಿ ಅಂತ ಬರಿ." ಹಾಗೇ ಬರೆದೆವು. ಅರ್ಧ ಪುಟದ ಅರ್ಜಿ, 200ರ ಹತ್ತಿರ ಸಹಿ. ಹೊಸದು ಕೊಳ್ಳಬೇಕಾಗಿದ್ದರೆ ಕೊಟೇಶನ್, ಮಂಜೂರಾತಿ ಅಂತ ತಿಂಗಳು ಹೋಗುತ್ತಿತ್ತು. ಇಲ್ಲಿ ಕೊಳ್ಳುವುದೇ ಇಲ್ಲ. ಕಾಲೇಜಿನ ಬಡಗಿ ಮೂರನೇ ದಿನ ಬಂದು ಏಳು ಬಾಗಿಲು ಒಂದು ಮಧ್ಯಾಹ್ನದಲ್ಲಿ ಮುಗಿಸಿದ.

ಮತದಾನಕ್ಕೆ ಇನ್ನೂ ಎರಡು ವಾರ ಇತ್ತು. ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. "ಕೆಲಸ ಈಗಲೇ ಆದ್ರೆ ಓಟು ಯಾಕೆ ಹಾಕ್ತಾರೆ? ಗೆದ್ದ ಮೇಲೆ ಮಾಡಿಸಬೇಕಿತ್ತು" ಅಂತ. ಎದುರಿನವರು ನಮಗೆ "ಚಿಲಕದ ಪಾರ್ಟಿ" ಅಂತ ಹೆಸರಿಟ್ಟರು. ನನಗೆ ಒಂದು ಭರವಸೆ ಇತ್ತು. ಒಂದು ಕೆಲಸ ಮಾಡಿದವರು ಎರಡನೆಯದು ಮಾಡುತ್ತೇವೆ ಅಂದರೆ ಜನ ನಂಬುತ್ತಾರೆ. ಎರಡನೆಯದು ಹಾಜರಿ. ಬಸ್ ಪಾಸ್ ಇದ್ದವರಿಗೆ ಮಳೆಗಾಲದಲ್ಲಿ ಮೊದಲ ಪೀರಿಯಡ್‌ಗೆ ಹತ್ತು ನಿಮಿಷ ವಿನಾಯಿತಿ. ನಮ್ಮ ಹನ್ನೆರಡು ಪೋಸ್ಟರಿನಲ್ಲಿ ಇದ್ದಿದ್ದು ಈ ಒಂದೇ ಬೇಡಿಕೆ. ದೇವನಾಗರಿ ಕೊಂಕಣಿ, ರೋಮಿ (ಇಂಗ್ಲಿಷ್ ಅಕ್ಷರದ) ಕೊಂಕಣಿ, ಇಂಗ್ಲಿಷ್, ಮೂರರಲ್ಲೂ ಅದೇ ಮಾತು. ಕನ್ನಡದಲ್ಲಿ ಪೋಸ್ಟರ್ ಹಾಕಲಿಲ್ಲ. ನಮ್ಮ ಹುಡುಗರ ಜೊತೆ ಬಸ್ಸಿನಲ್ಲಿ ಕನ್ನಡದಲ್ಲೇ ಮಾತಾಡಿದೆ. ಅವರಲ್ಲಿ ಬಹಳ ಜನಕ್ಕೆ ಅದೇ ಪೀರಿಯಡ್ಡಿನ ಗೈರು ಬಿದ್ದಿತ್ತು.

ಕೊನೆಯ ಎರಡು ದಿನ ಯಾವ ಕ್ಲಾಸಿಗೆ ಯಾವ ಹೊತ್ತಿಗೆ, ಯಾರನ್ನು ಕಳಿಸಿದೆವು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದನ್ನು ನಮ್ಮ ಜೂನಿಯರ್‌ಗಳು ಈ ವರ್ಷ ಬಳಸುವವರಿದ್ದಾರೆ. ಇಷ್ಟು ಹೇಳುತ್ತೇನೆ, ವಾಟ್ಸಾಪ್ ಗ್ರೂಪಿನಿಂದ ಒಂದು ಓಟೂ ಹೆಚ್ಚಾಗಲಿಲ್ಲ. ಒಂದು ವಾರ ನಡೆಸಿ ನೋಡಿ ಮುಚ್ಚಿದೆ.

ಮತದಾರರು 900ರ ಆಸುಪಾಸು, ಓಟು ಬಿದ್ದಿದ್ದು ಸುಮಾರು 600. ನಮಗೆ 340 ಚಿಲ್ಲರೆ, ಎದುರಿನವರಿಗೆ 250ರ ಹತ್ತಿರ. ಒಟ್ಟು ಖರ್ಚು 1,100. ನೋಟ್‌ಬುಕ್, ಕ್ರೆಯಾನ್, ಚಾರ್ಟ್ ಪೇಪರ್, ಝೆರಾಕ್ಸ್, ಮಿಕ್ಕಿದ್ದು ಓಡಾಟದ ಬಸ್ಸು ಮತ್ತು ನಮ್ಮ ಹುಡುಗರ ಚಹಾ. ಲೆಕ್ಕ ಕೊಡಲು ಎರಡು ವಾರ ಸಮಯ ಇರುತ್ತದೆ. ನಾವು ಐದನೇ ದಿನ ಬಿಲ್ಲುಗಳ ಸಮೇತ ಕೊಟ್ಟೆವು. ಕ್ಲರ್ಕ್ ಎರಡು ಸಲ ಎಣಿಸಿ "ಇಷ್ಟೇನಾ?" ಅಂದರು. ಅವತ್ತು ನನಗಾದ ಹೆಮ್ಮೆ ಗೆದ್ದ ದಿನವೂ ಆಗಿರಲಿಲ್ಲ.

ಪುಣೆಯಲ್ಲಿ ಓದುವ ನನ್ನ ಚಿಕ್ಕಪ್ಪನ ಮಗನಿಗೆ ಫೋನಿನಲ್ಲಿ ಇದೆಲ್ಲ ಹೇಳಿದಾಗ ಅವನು ಬಹಳ ಹೊತ್ತು ಕೇಳಿಸಿಕೊಂಡ. ಮಹಾರಾಷ್ಟ್ರದಲ್ಲಿ 1994ರ ಯೂನಿವರ್ಸಿಟಿ ಕಾಯ್ದೆ ಬಂದ ಮೇಲೆ ಕಾಲೇಜು ಚುನಾವಣೆ ನಿಂತು, ಮಾರ್ಕ್ಸ್ ನೋಡಿ ಪ್ರತಿನಿಧಿ ಮಾಡುವ ಪದ್ಧತಿ ಬಂತು. 2016ರ ಕಾಯ್ದೆಯಲ್ಲಿ ಚುನಾವಣೆ ಮತ್ತೆ ಸೇರಿದೆ. ಅವನು ಮಾತ್ರ ಒಂದು ಸಲವೂ ಓಟು ಹಾಕಿಲ್ಲ. "ನಿಮ್ಗರ ಕೇಳಾಕ್ ಒಬ್ರು ಅದಾರ" ಅಂದ. ಆ ಮಾತು ಇನ್ನೂ ಕಿವಿಯಲ್ಲಿದೆ.

ಹಾಜರಿಗೆ ಹತ್ತು ನಿಮಿಷದ ವಿನಾಯಿತಿ ಕೇಳಿದ್ದೆವು, ಏಳು ಕೊಟ್ಟರು. ಸೆಪ್ಟೆಂಬರ್ ಕೊನೆಯವರೆಗೆ, ಪಾಸ್ ತೋರಿಸಿದವರಿಗೆ ಮಾತ್ರ. ಅದಕ್ಕೆ ನಾಲ್ಕು ಸಲ ಪ್ರಿನ್ಸಿಪಾಲರ ಬಾಗಿಲಿಗೆ ಹೋಗಬೇಕಾಯಿತು. ನೋಟ್‌ಬುಕ್ಕಿನಲ್ಲಿ ಮೂರನೆಯದಾಗಿ ಇದ್ದ ಕುಡಿಯುವ ನೀರಿನ ಕೂಲರ್ ಆಗಲಿಲ್ಲ. ಎರಡೂ ನೋಟ್‌ಬುಕ್ ಈಗ ಎರಡನೇ ವರ್ಷದ ಒಬ್ಬ ಹುಡುಗಿಯ ಹತ್ತಿರ ಇವೆ. ಕೂಲರ್ ಬರೆದ ಪುಟ ಮಡಚಿ ಕೊಟ್ಟಿದ್ದೇನೆ.