ಮೈನಸ್ 15ರಲ್ಲಿ ಡ್ರೋನ್ ಬ್ಯಾಟರಿ ಕುಸಿಯುತ್ತಿದ್ದುದಕ್ಕೆ ಪರಿಹಾರ

ಅಮೆರಿಕದ ಮಿನ್ನೆಸೋಟದ ಜನವರಿ ಚಳಿ, ಮೈನಸ್ 15 ಡಿಗ್ರಿ. ಶೇ 60 ಚಾರ್ಜ್ ಇದ್ದ ಡ್ರೋನಿನ 4 ಸೆಲ್ ಲೀಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಥ್ರಾಟಲ್ ಕೊಟ್ಟ (ಮೋಟಾರಿನ ವೇಗ ಏರಿಸಿದ) ಕೂಡಲೇ ಲೋ ವೋಲ್ಟೇಜ್ ಎಂದು ಕೂಗುತ್ತಿತ್ತು. ಬ್ಯಾಟರಿ ಕೆಟ್ಟಿರಲಿಲ್ಲ. ಚಳಿಗೆ ಸೆಲ್‌ನ ಒಳರೋಧ (ಕರೆಂಟ್ ಹರಿವಿಗೆ ಸೆಲ್ ಒಳಗಿನ ತಡೆ) ಏರುತ್ತದೆ. ಮೋಟಾರು ಜೋರಾಗಿ ಕರೆಂಟ್ ಎಳೆದಾಗ ಸೆಲ್ ವೋಲ್ಟೇಜ್ 3.3 ವೋಲ್ಟ್‌ಗಿಂತ ಕೆಳಗಿಳಿಯುತ್ತದೆ.

ಬ್ಯಾಟರಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿಟ್ಟು, ಹಾರಿಸುವ ಹೊತ್ತಿಗೇ ಹಾಕತೊಡಗಿದ ಮೇಲೆ ಸರಿಹೋಯಿತು. ಸೆಲ್ 20 ಡಿಗ್ರಿಗಿಂತ ಬೆಚ್ಚಗಿರಲಿ. ಮೊದಲ ನಿಮಿಷ ಎರಡು ಮೀಟರ್ ಎತ್ತರದಲ್ಲೇ ನಿಲ್ಲಿಸಿ, ಸೆಲ್ 3.5 ವೋಲ್ಟ್‌ನ ಮೇಲಿದೆಯೇ ನೋಡಿ. ಶೇಕಡಾ ಲೆಕ್ಕಕ್ಕಿಂತ ಇದೇ ನಂಬಿಕೆಗೆ ಅರ್ಹ. ಚಾರ್ಜ್ ಶೇ 40ಕ್ಕೆ ಬಂದ ಕೂಡಲೇ ಡ್ರೋನನ್ನು ನೆಲಕ್ಕಿಳಿಸಿಬಿಡುತ್ತೇನೆ.

ತಣ್ಣಗಾದ ಬ್ಯಾಟರಿಯನ್ನು ಮಾತ್ರ ದಯವಿಟ್ಟು ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಆನೋಡಿನ (ಸೆಲ್‌ನ ಋಣ ತುದಿಯ) ಮೇಲೆ ಲೋಹವಾಗಿ ಕೂತು, ಮುಂದೆ ಸೆಲ್ ಒಳಗೇ ಶಾರ್ಟ್ ಆಗಬಹುದು. ಮನೆಯೊಳಗೆ ತಂದು, ಕೋಣೆಯ ಬಿಸಿಗೆ ಬಂದ ಮೇಲೆ ಚಾರ್ಜ್ ಮಾಡಿ.