ಚರಂಡಿ ಮಟ್ಟ ತೆಗೆಯಬೇಕಾದ್ದು ಕೆಳಗಿನಿಂದ

ಬೆಂಗಳೂರಿನ ಒಂದು ಹಳೇ ಬಡಾವಣೆಯ 450 ಮೀಟರ್ ರಸ್ತೆ. ಕಿತ್ತು ಹೊಸದಾಗಿ ಮಾಡಬೇಕು, ಎರಡೂ ಕಡೆ ಮಳೆನೀರು ಚರಂಡಿ ಕಟ್ಟಬೇಕು. ಸೈಟ್ ಇಂಜಿನಿಯರ್ ಆಗಿ ಹೋದ ಮೊದಲ ದಿನವೇ ಒಂದು ಮನೆಯ ಗೇಟಿನ ಮುಂದೆ ನಿಂತುಬಿಟ್ಟೆ. ಮೂರು ಮೆಟ್ಟಿಲು. ಆದರೆ ಅವು ಮನೆಗೆ ಹತ್ತುವುದಕ್ಕಲ್ಲ, ಇಳಿಯುವುದಕ್ಕೆ! ವರ್ಷಾನುಗಟ್ಟಲೆ ಡಾಂಬರಿನ ಮೇಲೆ ಡಾಂಬರ್ ಹಾಕಿ ಹಾಕಿ ರಸ್ತೆಯೇ ಮೇಲೆದ್ದಿತ್ತು. ಅಗೆದು ನೋಡಿದರೆ ಹಳೇ ಪದರಗಳೇ 28 ಸೆಂ.ಮೀ. ಅವನ್ನೆಲ್ಲ ತೆಗೆಯದೆ ಹೊಸ ರಸ್ತೆ ಮಾಡಿದರೆ ಮಳೆನೀರು ಸೀದಾ ಮನೆಯೊಳಕ್ಕೆ.

ಡ್ರಾಯಿಂಗ್‌ನಲ್ಲಿ ಚರಂಡಿಗೆ 200ಕ್ಕೆ 1ರ ಇಳಿಜಾರು ಕೊಟ್ಟಿದ್ದರು, ಅಂದರೆ 200 ಮೀಟರಿಗೆ 1 ಮೀಟರ್ ಇಳಿತ. ಮೇಲಿನ ತುದಿಯಿಂದ ಲೆಕ್ಕ ಹಾಕಿದರೆ ಕೆಳಗಿನ ತುದಿಗೆ 2.25 ಮೀಟರ್ ಇಳಿಯಬೇಕು. ನೋಡಲು ಚೆನ್ನಾಗಿಯೇ ಇತ್ತು. ಸುಮ್ನೆ ಒಂದು ಅನುಮಾನ ಬಂದು ಮಟ್ಟ ಅಳೆಯುವ ಆಟೋ ಲೆವೆಲ್ ಹೊತ್ತುಕೊಂಡು, ಚರಂಡಿಗಳೆಲ್ಲ ಸೇರುವ ದೊಡ್ಡ ಮಳೆನೀರು ಕಾಲುವೆ, ಅಂದರೆ ರಾಜಕಾಲುವೆ ತನಕ ಹೋದೆ. ಹೂಳಿನ ಮೇಲೆ ಸ್ಟಾಫ್ (ಅಳತೆ ಗುರುತಿನ ಕೋಲು) ಇಟ್ಟು ಓದಿದರೆ, ನಮ್ಮ ಚರಂಡಿಯ ತಳ ಕಾಲುವೆಯ ತಳಕ್ಕಿಂತ 40 ಸೆಂ.ಮೀ. ಕೆಳಗೆ! ಹಾಗೇ ಕಟ್ಟಿದ್ದರೆ ಮೊದಲ ಮಳೆಗೇ ಕಾಲುವೆ ನೀರು ನಮ್ಮ ಚರಂಡಿಯೊಳಗೆ ತಿರುಗಿ ಬರುತ್ತಿತ್ತು. ಕಾಲುವೆಯ ಹೂಳೆತ್ತುವುದು ನಮ್ಮ ಕೆಲಸದಲ್ಲಿ ಇರಲಿಲ್ಲ. ಹಾಗಾಗಿ ಕೆಳಗಿನ ತುದಿ ಹಿಡಿದು ಮೇಲಕ್ಕೆ ಮಟ್ಟ ತೆಗೆದೆವು. ಇಳಿಜಾರು 300ಕ್ಕೆ 1 ಮಾಡಿದರೆ ಒಟ್ಟು ಇಳಿತ 1.5 ಮೀಟರ್. ಚರಂಡಿ ಕಾಲುವೆ ಸೇರುವ ಬಾಯಿ ಮೊದಲಿಗಿಂತ 75 ಸೆಂ.ಮೀ. ಮೇಲೆ ಬಂತು. ಒಪ್ಪಿಗೆ ಸಿಗಲು ಎರಡು ವಾರ ಹಿಡಿಯಿತು, ಆ ಕಥೆ ಬೇಡ.

ಇಳಿಜಾರು ಕಮ್ಮಿಯಾದರೆ ನೀರು ಸಾಗುತ್ತದಾ ಅಂತ ಎಲ್ಲರೂ ಕೇಳಿದರು. ಒಂದು ಬದಿಯ ಚರಂಡಿಗೆ ನೀರು ಬರುವ ಜಾಗ ಸುಮಾರು 4 ಹೆಕ್ಟೇರ್, ಬಹುಪಾಲು ಸಿಮೆಂಟೇ. ಗಂಟೆಗೆ 60 ಮಿ.ಮೀ. ಮಳೆ ಹಿಡಿದರೆ ಸೆಕೆಂಡಿಗೆ 530 ಲೀಟರ್ ಹತ್ತಿರ ಬರುತ್ತದೆ. 60 ಸೆಂ.ಮೀ. ಅಗಲ, 75 ಸೆಂ.ಮೀ. ಆಳದ ಚರಂಡಿ ಇಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ಒಂದು ಷರತ್ತು: ಒಳಗೆ ಏನೂ ಇರಬಾರದು. 20 ಸೆಂ.ಮೀ. ಹೂಳು ಕೂತರೆ ಲೆಕ್ಕ ತಪ್ಪುತ್ತದೆ, ನೀರು ರಸ್ತೆಗೆ ಬರುತ್ತದೆ.

ಹೂಳಿಗಿಂತ ದೊಡ್ಡ ತೊಂದರೆ ಪೈಪುಗಳದ್ದು. ಮನೆಗಳಿಗೆ ಹೋಗುವ ನೀರಿನ ಪೈಪ್, ಕೇಬಲ್, ಎಲ್ಲವೂ ಚರಂಡಿಯನ್ನು ಅಡ್ಡ ಸೀಳಿಕೊಂಡೇ ಹೋಗುತ್ತವೆ. ಚರಂಡಿಯ ನಡುವೆ ಒಂದೇ ಒಂದು ಪೈಪ್ ಇದ್ದರೆ ಸಾಕು. ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ತೆಂಗಿನ ಗರಿ, ಅದಕ್ಕೆ ಇನ್ನೊಂದು ಕವರ್. ಎರಡು ಮಳೆಗೆ ಅಣೆಕಟ್ಟು ರೆಡಿ. ಆದ್ದರಿಂದ ಚಪ್ಪಡಿ ಮುಚ್ಚುವ ಮುಂಚೆ ಪ್ರತಿ ಪೈಪನ್ನೂ ತಳದ ಕೆಳಗೆ ಇಳಿಸಿದೆವು. ಕೆಲಸದಲ್ಲಿ ಜಾಸ್ತಿ ದಿನ ತಿಂದದ್ದು ಇದೇ. ಬಿಲ್ಲಿನಲ್ಲಿ ಇದು ಕಾಣುವುದೂ ಇಲ್ಲ.

ರಸ್ತೆ ಮಾಡಿದ್ದು ಅದಾದ ಮೇಲೆ. ಜಲ್ಲಿ, ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ-ಪುಡಿ ಮಿಶ್ರಣ), ಅದರ ಮೇಲೆ ಎರಡು ಪದರ ಡಾಂಬರ್. 7 ಮೀಟರ್ ಅಗಲದ ರಸ್ತೆ, ನಡು ಭಾಗ ಅಂಚಿಗಿಂತ ಸುಮಾರು 9 ಸೆಂ.ಮೀ. ಎತ್ತರ. ಚೆನ್ನಾಗಿ ಬಂತು, ಫೋಟೋ ತೆಗೆದೆವು.

ಮೇ ತಿಂಗಳಲ್ಲಿ ಮೊದಲ ಮಳೆ. ರಾತ್ರಿ ಛತ್ರಿ ಹಿಡಿದು ಹೋದೆ. ಚರಂಡಿ ಅರ್ಧ ಖಾಲಿ, ರಸ್ತೆಯ ಅಂಚಿನಲ್ಲಿ ಮಾತ್ರ ಪಾದ ಮುಳುಗುವಷ್ಟು ನೀರು! ಅದೇ ಮೂರು ಮೆಟ್ಟಿಲಿನ ಮನೆಯ ಅಜ್ಜಿ ಕಿಟಕಿಯಿಂದ, ‘ಏನಪ್ಪಾ ಇಂಜಿನಿಯರೇ, ಮೋರಿ ನಿಮ್ಮ ಮೀಟಿಂಗಿಗೆ ಮಾತ್ರ ಕಟ್ಟಿದ್ರಾ?’ ಅಂದರು. ಉತ್ತರ ಇರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಒಂದು ಬಕೆಟ್ ನೀರು ತಂದು, ರಸ್ತೆಯ ನೀರು ಚರಂಡಿಗೆ ಇಳಿಯುವ ಜಾಲರಿಯ ಪಕ್ಕ ಸುರಿದರು. ನೀರು ಜಾಲರಿಯ ಹತ್ತಿರ ಬಂತು, ಅಂಚಿಗೆ ಮುಟ್ಟಿತು, ಪಕ್ಕಕ್ಕೆ ತಿರುಗಿ ಮುಂದೆ ಹೋಯಿತು. ‘ಸಾರ್, ಇದು ಎದ್ದು ನಿಂತಿದೆ’ ಅಂದರು. ಅಳೆದೆ, 12 ಮಿ.ಮೀ. ಜಾಲರಿಯ ಚೌಕಟ್ಟು ಕೂರಿಸಿದ್ದು ಕೊನೆಯ ಪದರಕ್ಕೆ ಮುಂಚೆ, ಡ್ರಾಯಿಂಗ್‌ನ ಮಟ್ಟ ನೋಡಿಕೊಂಡು. ಡಾಂಬರ್ ಅಷ್ಟು ಎತ್ತರಕ್ಕೆ ಬರಲೇ ಇಲ್ಲ. ತಪ್ಪು ನನ್ನದೇ, ಡಾಂಬರ್ ಹಾಕುವ ದಿನ ಜಾಲರಿಗಳ ಮೇಲೆ ನೇರ ಪಟ್ಟಿ ಇಟ್ಟು ಮಟ್ಟ ನೋಡಿರಲಿಲ್ಲ. 12 ಮಿ.ಮೀ. ಅಂದರೆ ಒಂದು ಬೆರಳಿನ ದಪ್ಪವೂ ಅಲ್ಲ, ಅಲ್ವಾ? ನೀರಿಗೆ ಅದು ಗೋಡೆ.

ಪ್ರತಿ ಜಾಲರಿಯ ಸುತ್ತ 60 ಸೆಂ.ಮೀ. ಡಾಂಬರ್ ಕತ್ತರಿಸಿ, ಚೌಕಟ್ಟು ಕಿತ್ತು, ರಸ್ತೆಗಿಂತ 2 ಸೆಂ.ಮೀ. ತಗ್ಗಿಗೆ ಇಳಿಸಿ, ಸುತ್ತಲೂ ಬಟ್ಟಲಿನ ಹಾಗೆ ಇಳಿಜಾರು ಕೊಟ್ಟೆವು. ಇನ್ನೊಂದು ಕೆಲಸವನ್ನೂ ಮಾಡಿದೆವು. ಡ್ರಾಯಿಂಗ್ ಪ್ರಕಾರ ಜಾಲರಿಗಳು ಸಮ ದೂರದಲ್ಲಿದ್ದವು, ನೀರು ಹಾಗೆ ಬರುವುದಿಲ್ಲವಲ್ಲ. ನೀರು ನಿಂತ ಗುರುತು ರಸ್ತೆಯ ಮೇಲೆ ಕೆಸರಿನ ಗೆರೆಯಾಗಿ ಉಳಿದಿತ್ತು. ಅದರ ಸುತ್ತ ಸೀಮೆಸುಣ್ಣದಿಂದ ಗೀಟು ಹಾಕಿ, ಅಲ್ಲಿ ಎರಡು ಜಾಲರಿ ಜಾಸ್ತಿ ಇಟ್ಟೆವು. ಒಂದು ಅಜ್ಜಿಯ ಗೇಟಿನ ಎದುರಿಗೇ.

ಪ್ರತಿಯೊಂದಕ್ಕೂ ಬಕೆಟ್ ಪರೀಕ್ಷೆ ಆಯಿತು. ಕೊನೆಯದಕ್ಕೆ ಬಕೆಟ್ ಕೊಟ್ಟಿದ್ದು ಅಜ್ಜಿ. ನೀರು ಗುಳುಂ ಅಂತ ಒಳಗೆ ಹೋದ ಮೇಲೂ, ‘ಇನ್ನೊಂದು ಸುರೀರಿ, ನೋಡೋಣ’ ಅಂದರು.